ಮಡೋನಾ 1990ರ ಟೂರ್: ಎಲ್ಲರೂ ಮಂಚದ ಬಗ್ಗೆ ಮಾತಾಡ್ತಾರೆ, ಮುಂದಿನ ಹಾಡು ಯಾರಾದರೂ ನೋಡಿದ್ದೀರಾ?

ಹಳೇಕ್ಯಾಸೆಟ್ (ಮೈಸೂರು):
ಮೊನ್ನೆ ಅಟ್ಟ ಗುಡಿಸುವಾಗ ಒಂದು ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿತು. ಮೇಲೆ ನನ್ನದೇ ಕೋಳಿಕಾಲು ಅಕ್ಷರದಲ್ಲಿ "ಕೆಮಿಸ್ಟ್ರಿ ಪಾಠ, ಭಾಗ 2" ಅಂತ ಬರೆದಿದೆ. ಒಳಗಿರುವುದು ಕೆಮಿಸ್ಟ್ರಿ ಅಲ್ಲ. ಅಮೆರಿಕದ ಪಾಪ್ ಗಾಯಕಿ ಮಡೋನಾಳ ಬ್ಲಾಂಡ್ ಆಂಬಿಷನ್ ಟೂರಿನ ಕೊನೆಯ ಶೋ, 1990ರ ಆಗಸ್ಟ್ 5, ಫ್ರಾನ್ಸಿನ ನೀಸ್ ಊರು. ಅದನ್ನು ಅಮೆರಿಕದಲ್ಲಿ ಎಚ್‌ಬಿಒ ಚಾನೆಲ್ ತೋರಿಸಿತ್ತು. ಅಲ್ಲಿದ್ದ ಸೋದರಮಾವ ಟಿವಿಯಿಂದ ರೆಕಾರ್ಡ್ ಮಾಡಿಕೊಂಡು ತಂದಿದ್ದರು.

ನಾನಾಗ ಪಿಯುಸಿ. ಮನೆಯಲ್ಲಿ ವಿಸಿಆರ್ ಇರಲಿಲ್ಲ, ಬಾಡಿಗೆಗೆ ತಂದೆ. ಅಮೆರಿಕದ ಕ್ಯಾಸೆಟ್ಟು ಎನ್‌ಟಿಎಸ್‌ಸಿ, ನಮ್ಮ ಟಿವಿ ಪ್ಯಾಲ್, ಎರಡೂ ಬೇರೆ ಬೇರೆ ಟಿವಿ ಪದ್ಧತಿ. ಮಲ್ಟಿ ಸಿಸ್ಟಮ್ ವಿಸಿಆರ್ ಬೇಕು ಅಂತ ಅಂಗಡಿಯವನು ಹೇಳಿ ಐದು ರೂಪಾಯಿ ಜಾಸ್ತಿ ಕಿತ್ತುಕೊಂಡ. ಹಾಕಿ ನೋಡಿದರೆ ಚಿತ್ರ ಬಂತು, ಬಣ್ಣ ಬರಲಿಲ್ಲ. ಹಾಗಾಗಿ ಜಗತ್ತೇ ಬಾಯಿ ಬಾಯಿ ಬಡಿದುಕೊಂಡ ಆ ಶೋವನ್ನು ನಾನು ಮೊದಲು ನೋಡಿದ್ದು ಕಪ್ಪು ಬಿಳುಪಿನಲ್ಲಿ, ರಾಜ್‌ಕುಮಾರ್ ಹಳೇ ಪಿಕ್ಚರ್ ನೋಡಿದ ಹಾಗೆ. ಆ ಮಂಚಕ್ಕೆ ಹಾಸಿದ್ದು ಕೆಂಪು ವೆಲ್ವೆಟ್, ಅವಳು ಹಾಕಿದ್ದು ಬಂಗಾರದ ಬಣ್ಣದ ಬಿಗಿ ಕುಪ್ಪಸ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಗೊತ್ತಿಲ್ಲದವರಿಗೆ: 1990ರ ಏಪ್ರಿಲ್ 13ಕ್ಕೆ ಜಪಾನಿನ ಚಿಬಾದಲ್ಲಿ ಶುರು, ಒಟ್ಟು 57 ಶೋ. ಅವಳಿಗಾಗ 31 ವರ್ಷ. ಬಟ್ಟೆ ಜಾನ್ ಪಾಲ್ ಗೋಟಿಯೆ, ಕುಣಿತ ವಿನ್ಸೆಂಟ್ ಪ್ಯಾಟರ್ಸನ್, ರಂಗಸಜ್ಜು ಅವಳ ತಮ್ಮ ಕ್ರಿಸ್ಟೋಫರ್ ಚಿಕೋನೆ. ಲೈಕ್ ಎ ವರ್ಜಿನ್ ಹಾಡಿಗೆ ಮಂಚದ ಮೇಲೆ ಅವಳು ಮಾಡಿದ ಅಭಿನಯ ಇದೆಯಲ್ಲ, ಗಲಾಟೆಯೆಲ್ಲ ಅದರದ್ದೇ. ಈಗಲೂ ನೆಟ್ಟಲ್ಲಿ ಹುಡುಕಿದರೆ ಆ ನಾಲ್ಕೈದು ನಿಮಿಷದ ತುಣುಕೇ ಸಿಗುತ್ತದೆ.

ನನ್ನ ತಕರಾರು ಇದು. ಆ ಹಾಡು ಮುಗಿದ ತಕ್ಷಣ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಹಾಡಿನ ಕೊನೆಯಲ್ಲಿ ಸುಸ್ತಾಗಿ ಬಿದ್ದವಳು "ದೇವರೇ?" ಅಂತಾಳೆ. ಕರೆಯೋದಲ್ಲ, ಕೇಳೋದು. ಅಲ್ಲಿಂದ ಲೈಕ್ ಎ ಪ್ರೇಯರ್ ಶುರು. ಮಂಚ ಇದ್ದ ಜಾಗ ಚರ್ಚ್ ಆಗುತ್ತದೆ. ಮೇಣದಬತ್ತಿ, ಕಪ್ಪು ನಿಲುವಂಗಿ, ಶಿಲುಬೆ. ಅದಾದ ಮೇಲೆ ಅಪ್ಪನ ಬಗ್ಗೆ ಹಾಡು, ಪಾದ್ರಿ ವೇಷದಲ್ಲಿ ಒಬ್ಬ ಡ್ಯಾನ್ಸರ್ ಅವಳನ್ನು ಹಿಡಿದು ದೂಡುತ್ತಾನೆ. ಅದಾದ ಮೇಲೆ ಪಾಪಾ ಡೋಂಟ್ ಪ್ರೀಚ್. ಆಸೆ, ಭಯ, ತಪ್ಪೊಪ್ಪಿಗೆ, ಸಿಟ್ಟು, ಇದೇ ಕ್ರಮ. ಇದು ಒಂದು ಅಂಕ ಸ್ವಾಮಿ! ಅಂಕದ ಮೊದಲ ದೃಶ್ಯ ಮಾತ್ರ ನೋಡಿ ಎದ್ದು ಹೋದವರು ಮೂವತ್ತೈದು ವರ್ಷದಿಂದ ವಿಮರ್ಶೆ ಮಾಡುತ್ತಿದ್ದಾರೆ.

(ಮಧ್ಯದಲ್ಲಿ ನಮ್ಮಜ್ಜಿ ರೂಮಿಗೆ ಬಂದಿದ್ದು ಬೇರೆ ಕಥೆ. ಆಮೇಲೆ ಹೇಳ್ತೀನಿ.)

ಸುಮ್ನೆ_ಓದೋನು:
ಇದೆಲ್ಲ ಆಮೇಲೆ ಕೂತು ಹೊಸೆದ ಅರ್ಥ ಗುರುವೇ. ಟಿಕೆಟ್ ಮಾರೋಕೆ ಮಂಚ ತಂದಳು, ಬೈಸಿಕೊಳ್ಳೋದು ತಪ್ಪಿಸೋಕೆ ಶಿಲುಬೆ ತಂದಳು. ಅಷ್ಟೇ.

ಹಳೇಕ್ಯಾಸೆಟ್:
ಶಿಲುಬೆ ತಂದಿದ್ದಕ್ಕೇ ಇನ್ನೂ ಜಾಸ್ತಿ ಬೈಸಿಕೊಂಡಳಲ್ಲ ಸರ್. ಹಿಂದಿನ ವರ್ಷ, 1989ರಲ್ಲಿ, ಲೈಕ್ ಎ ಪ್ರೇಯರ್ ವೀಡಿಯೊ ಬಂದಾಗ ಉರಿಯುವ ಶಿಲುಬೆ ನೋಡಿ ಚರ್ಚ್‌ನವರು ಸಿಟ್ಟಾದರು, ಪೆಪ್ಸಿಯವರು ಅವಳ ಜೊತೆ ಮಾಡಿದ್ದ ಜಾಹೀರಾತನ್ನೇ ನಿಲ್ಲಿಸಿದರು. ಬಚಾವಾಗಬೇಕು ಅಂತಿದ್ದವರು ಮರುವರ್ಷ ಅದೇ ಹಾಡನ್ನು ಊರೂರಿಗೆ ಹೊತ್ತುಕೊಂಡು ಹೋಗ್ತಾರಾ?

ಒಂದು ಮಜಾ ವಿಷಯ. ಆ ಹಾಡಿದ್ದ ಆಲ್ಬಂನ ಮೊದಲ ಪ್ರತಿಗಳಿಗೆ ಪಚೌಲಿ ಪರಿಮಳ ಹಚ್ಚಿದ್ದರು, ಚರ್ಚಿನ ಧೂಪ ನೆನಪಾಗಲಿ ಅಂತ. ಪಚೌಲಿ ಅಂದರೆ ನಮ್ಮ ಪಚ್ಚೆತೆನೆಯ ಜಾತಿ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ನಡೆದರೆ ಮಡೋನಾ ನೆನಪಾಗುವ ಏಕೈಕ ಮನುಷ್ಯ ನಾನೇ ಇರಬೇಕು.

ಟೊರಾಂಟೋ_ಅಕ್ಕ:
ನಮ್ಮೂರ ಹೆಸರು ಬರದೆ ಈ ಚರ್ಚೆ ಮುಗಿಯಲ್ಲ ಅಂತ ಕಾಯ್ತಿದ್ದೆ. ಟೊರಾಂಟೋದ ಸ್ಕೈಡೋಮ್ ಸ್ಟೇಡಿಯಂನಲ್ಲಿ, ಈಗ ಅದಕ್ಕೆ ರಾಜರ್ಸ್ ಸೆಂಟರ್ ಅಂತಾರೆ, ಮೇ ತಿಂಗಳಲ್ಲಿ ಮೂರು ರಾತ್ರಿ ಶೋ ಇತ್ತು. ಮೊದಲ ಶೋಗಳನ್ನು ನೋಡಿದ ಯಾರೋ ದೂರು ಕೊಟ್ಟರು. 29ನೇ ತಾರೀಖು ಪೊಲೀಸರು ಬಂದು, ಆ ಮಂಚದ ದೃಶ್ಯ ಬದಲಾಯಿಸದಿದ್ದರೆ ಅಶ್ಲೀಲ ಪ್ರದರ್ಶನ ಅಂತ ಅರೆಸ್ಟ್ ಮಾಡ್ತೀವಿ ಅಂದರು. ಬದಲಾಯಿಸಲ್ಲ ಅಂತ ಅವಳ ಕಡೆಯವರು ಹೇಳಿದರು. ಶೋ ಇದ್ದ ಹಾಗೇ ನಡೆಯಿತು. ಯಾರನ್ನೂ ಅರೆಸ್ಟ್ ಮಾಡಲಿಲ್ಲ. ಈ ಟೂರಿನ ಬಗ್ಗೆ ಮರುವರ್ಷ ಬಂದ ಡಾಕ್ಯುಮೆಂಟರಿಯಲ್ಲಿ ಇದೇ ದೊಡ್ಡ ದೃಶ್ಯ ಆಯಿತು, ಪೊಲೀಸರು ಫ್ರೀಯಾಗಿ ಪ್ರಚಾರ ಮಾಡಿಕೊಟ್ಟ ಹಾಗಾಯಿತು.

ನಾನು ಇಲ್ಲಿಗೆ ಬಂದಿದ್ದು 2004ರಲ್ಲಿ. ನನ್ನ ಮೊದಲ ಕೆಲಸದಲ್ಲಿ ಪಕ್ಕದ ಸೀಟಿನ ಹಿರಿಯ ಹೆಂಗಸು ಅವತ್ತು ಆ ಶೋಗೆ ಹೋಗಿದ್ದವರು. ಒಳಗೆ ಕೂತವರಿಗೆ ಪೊಲೀಸರ ವಿಷಯ ಗೊತ್ತೇ ಇರಲಿಲ್ಲವಂತೆ, ಮರುದಿನ ಪೇಪರ್ ನೋಡಿ "ಅಯ್ಯೋ, ನಾವು ಅಷ್ಟು ಕೆಟ್ಟದ್ದು ನೋಡಿದೆವಾ?" ಅಂದುಕೊಂಡರಂತೆ. ಅವರಿಗೆ ನೆನಪಿದ್ದಿದ್ದು ಮಂಚ ಅಲ್ಲವೇ ಅಲ್ಲ. ಚೆರಿಶ್ ಹಾಡಿಗೆ ಗಂಡಸರು ಮೀನಿನ ಬಾಲ ಹಾಕಿಕೊಂಡು ಮತ್ಸ್ಯಪುರುಷರಾಗಿ ಬಂದಿದ್ದು! ಹದಿನಾಲ್ಕು ವರ್ಷ ಆದಮೇಲೂ ಅದನ್ನು ಹೇಳಿ ನಗುತ್ತಿದ್ದರು.

ಕರಾವಳಿ_ಕಿಟ್ಟಿ:
ಮಾರಾಯ್ರೆ, ನಾನು ಯಕ್ಷಗಾನದ ಹುಚ್ಚ. ಈ ಥ್ರೆಡ್ ನೋಡಿ ನಿನ್ನೆ ರಾತ್ರಿ ಪೂರ್ತಿ ಶೋ ನೋಡಿದೆ. ಮೊದಲ ಹಾಡು ನೋಡುವಾಗಲೇ ನನಗೆ ಇದು ಒಡ್ಡೋಲಗ, ಅಂದರೆ ವೇಷಗಳು ಗತ್ತಿನಿಂದ ರಂಗಕ್ಕೆ ಬರುವ ಭಾಗ, ಅಂತ ಅನಿಸಿತು. ಕಾರ್ಖಾನೆಯ ಸೆಟ್ಟು, ದೊಡ್ಡ ದೊಡ್ಡ ಹಲ್ಲಿನ ಚಕ್ರ, ಹೊಗೆ. ಮೊದಲು ಗಂಡಸರು ಬಂದು ಕುಣಿದು ಜಾಗ ಬಿಸಿ ಮಾಡ್ತಾರೆ. ಆಮೇಲೆ ಅವಳು ಅಡಿಯಿಂದ ಎದ್ದು ಬರ್ತಾಳೆ, ಹೈಡ್ರಾಲಿಕ್ ಲಿಫ್ಟಿನಲ್ಲಿ. ನಮ್ಮಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು, ಅರ್ಧ ತೋರಿಸಿ ಅರ್ಧ ಮುಚ್ಚಿ, ಜನರ ಉಸಿರು ಹಿಡಿಸುವುದಿಲ್ಲವಾ? ಅದೇ ಲೆಕ್ಕ.

ಮತ್ತೆ ಆ ಮಂಚದ ಎರಡೂ ಬದಿಗೆ ನಿಂತ ಗಂಡಸರು, ಮೊನಚು ಕುಪ್ಪಸ ಕಟ್ಟಿಕೊಂಡವರು. ಅದನ್ನು ನೋಡಿ ಪಾಶ್ಚಾತ್ಯರಿಗೆ ಅಷ್ಟು ಆಘಾತ ಆಯಿತು ಅಂದರೆ ನನಗೆ ನಗು ಬರುತ್ತದೆ. ನಮ್ಮ ಚೌಕಿಗೆ, ವೇಷ ಕಟ್ಟುವ ಜಾಗಕ್ಕೆ, ಬಂದು ನೋಡಿ. ಬೆಳಿಗ್ಗೆ ಗದ್ದೆಯಲ್ಲಿ ಹೂಡುವ ಗಂಡಸು ರಾತ್ರಿ ಎದೆ ಕಟ್ಟಿಕೊಂಡು ಸೀರೆ ಉಟ್ಟು ದ್ರೌಪದಿಯಾಗಿ ಕೂತಿರುತ್ತಾನೆ, ಪಕ್ಕದಲ್ಲಿ ಭೀಮ ಚಾ ಕುಡಿಯುತ್ತಿರುತ್ತಾನೆ. ಯಾರೂ ಪೊಲೀಸರನ್ನು ಕರೆಯುವುದಿಲ್ಲ.

ಹಳೇಕ್ಯಾಸೆಟ್:
ಕಿಟ್ಟಿಯವರೇ, ಚೆನ್ನಾಗಿ ಹೇಳಿದ್ರಿ. ಆದರೆ ಒಂದು ವ್ಯತ್ಯಾಸ ಇದೆ ಅಲ್ವಾ? ಸ್ತ್ರೀವೇಷದವರು ಹೆಣ್ಣೇ ಅಂತ ನಾವು ನಂಬಬೇಕು, ಅದೇ ಅವರ ಕಲೆ. ಇಲ್ಲಿ ಆ ಡ್ಯಾನ್ಸರ್‌ಗಳು ಗಂಡಸರಾಗಿಯೇ ಇದ್ದಾರೆ, ಕುಪ್ಪಸ ಮಾತ್ರ ಹೆಣ್ಣಿನದ್ದು. ಅವಳು ಗಂಡಸರ ಗೆರೆ ಗೆರೆ ಸೂಟು ಹಾಕಿದ್ದಾಳೆ, ಅದರ ಎದೆ ಸೀಳಿ ಒಳಗಿನ ಕೋನ್‌ಗಳು ಹೊರಗೆ ಬಂದಿವೆ. ಯಾರು ಏನು ಅಂತ ನಂಬಿಸೋದಲ್ಲ, ಗೊಂದಲ ಮಾಡೋದೇ ಆಟ.

ಅಂದ ಹಾಗೆ ಆ ಕಾರ್ಖಾನೆ ಸೆಟ್ಟಿಗೆ ಸ್ಫೂರ್ತಿ ಮೆಟ್ರೋಪೊಲಿಸ್, 1927ರ ಜರ್ಮನ್ ಮೂಕಿ ಚಿತ್ರ.

ದರ್ಜಿ_ಮಗಳು (ದಾವಣಗೆರೆ):
ಎಲ್ಲರೂ ಆ ಕುಪ್ಪಸದ ಬಗ್ಗೆ ಮಾತಾಡ್ತೀರಿ, ಹೊಲಿದವರ ಬಗ್ಗೆ ಒಬ್ಬರೂ ಮಾತಾಡಲ್ಲ. ನಾನು ಬ್ಲೌಸ್ ಹೊಲಿಯೋಳು, ಹೇಳ್ತೀನಿ ಕೇಳಿ.

ನಮ್ಮ ಕಟೋರಿ ಬ್ಲೌಸಿನಲ್ಲಿ ಬಟ್ಟೆಯನ್ನು ತುಂಡು ಮಾಡಿ, ಟಕ್ಸ್ ಹಿಡಿದು, ಮೈಗೆ ಹೊಂದೋ ಹಾಗೆ ಗುಂಡಗೆ ತರ್ತೀವಿ. ಬಟ್ಟೆ ಮೈ ಹೇಳಿದ ಹಾಗೆ ಕೇಳಬೇಕು. ಆ ಕೋನ್ ಇದೆಯಲ್ಲ, ಅದು ಮೈ ಮಾತು ಕೇಳೋದೇ ಇಲ್ಲ. ತಾನೇ ಗಟ್ಟಿಯಾಗಿ ನಿಲ್ಲುತ್ತದೆ. ದೊಡ್ಡದು ಮಾಡಿ ಫೋಟೋ ನೋಡಿ, ತುದಿಯಿಂದ ಬುಡದವರೆಗೆ ಸುತ್ತು ಸುತ್ತು ಹೊಲಿಗೆ ಇದೆ, ಚಕ್ಕುಲಿ ಒತ್ತಿದ ಹಾಗೆ. ಆ ಸಾಲು ಹೊಲಿಗೆಯೇ ಬಟ್ಟೆಗೆ ಬಿಗಿ ಕೊಡೋದು. ಒಂದು ಸುತ್ತು ಅರ್ಧ ನೂಲು ಆಚೀಚೆ ಆದರೆ ತುದಿ ಸೊಟ್ಟ, ಎರಡು ಕೋನ್ ಎರಡು ಕಡೆ ನೋಡುತ್ತವೆ. ಸ್ಯಾಟಿನ್ ಬೇರೆ. ಸ್ಯಾಟಿನ್ ಹೊಲಿದವರಿಗೆ ಗೊತ್ತು, ಒಮ್ಮೆ ಸೂಜಿ ಚುಚ್ಚಿ ಬಿಚ್ಚಿದರೆ ತೂತು ಹಾಗೇ ಉಳಿಯುತ್ತದೆ. ತಪ್ಪು ಮಾಡೋ ಹಾಗಿಲ್ಲ.

ಇಷ್ಟಾದ ಮೇಲೆ ಅದನ್ನು ಹಾಕಿಕೊಂಡು ಓಡಬೇಕು, ಬಗ್ಗಬೇಕು, ಜೊತೆಗೆ ಹಾಡಬೇಕು. ಹೊಟ್ಟೆ ಬಿಗಿದರೆ ಉಸಿರು ಎಲ್ಲಿಂದ ಬರುತ್ತೆ? ಬಿಗಿಯಾಗಿ ಕಾಣಬೇಕು, ಬಿಗಿ ಇರಬಾರದು. ಮದುವೆ ಹೆಣ್ಣುಮಕ್ಕಳು ನನ್ನ ಹತ್ತಿರ ಕೇಳೋದೂ ಇದನ್ನೇ, ಕೊಡೋದು ನಾನೂರು ರೂಪಾಯಿ.

ಗೋಟಿಯೆ ಚಿಕ್ಕವನಿದ್ದಾಗ ತನ್ನ ಕರಡಿ ಗೊಂಬೆಗೆ ಕಾಗದದಲ್ಲಿ ಕೋನ್ ಬ್ರಾ ಮಾಡಿ ಹಾಕಿದ್ದನಂತೆ, ಅಜ್ಜಿಯ ಹಳೇ ಕಾರ್ಸೆಟ್ ನೋಡಿ ಮರುಳಾಗಿದ್ದನಂತೆ. ಅವನೇ ಎಷ್ಟೋ ಕಡೆ ಹೇಳಿದ್ದಾನೆ. ಅಜ್ಜಿಯ ಪೆಟ್ಟಿಗೆಯಿಂದ ಬಂದ ಬಟ್ಟೆ ನೋಡಿ ಜಗತ್ತು ಹೆದರಿತು, ನೋಡಿ!

ಸುಮ್ನೆ_ಓದೋನು:
ಅಕ್ಕ, ಚಕ್ಕುಲಿ ಅಂದಮೇಲೆ ನನಗೆ ಆ ಫೋಟೋ ಬೇರೆ ಥರ ಕಾಣಿಸುತ್ತಿಲ್ಲ. ಹಾಳು ಮಾಡಿದ್ರಿ.

ಲೈಟ್_ಬಾಯ್ (ಶಿವಮೊಗ್ಗ):
ನಾನು ಹವ್ಯಾಸಿ ತಂಡಗಳಿಗೆ ಬೆಳಕು, ಸೌಂಡ್ ಮಾಡೋನು. ಅವಳ ಕಿವಿಯಿಂದ ಬಾಯಿಗೆ ಬಂದ ಮೈಕ್ ಗಮನಿಸಿ. ಕುಣಿತಾ ಹಾಡೋಕೆ ಎರಡೂ ಕೈ ಖಾಲಿ ಬೇಕು. ಆ ಟೂರಿನ ಮೇಲೆ ಅದು ಎಷ್ಟು ಫೇಮಸ್ ಆಯಿತು ಅಂದರೆ ಜನ ಅದನ್ನು ಮಡೋನಾ ಮೈಕ್ ಅಂತಲೇ ಕರೆದರು. ಆದರೆ ಅವಳೇ ಮೊದಲಲ್ಲ. 1979ರಲ್ಲೇ ಇಂಗ್ಲೆಂಡಿನ ಕೇಟ್ ಬುಷ್ ತನ್ನ ಟೂರಿಗೆ ಹಾಗೆ ಮಾಡಿದ್ದಳು. ಅವಳ ಸೌಂಡ್ ಎಂಜಿನಿಯರ್ ಬಟ್ಟೆ ನೇತುಹಾಕುವ ತಂತಿ ಹ್ಯಾಂಗರ್ ಬಗ್ಗಿಸಿ ಮೈಕ್ ಕೂರಿಸಿದ್ದ. ನಮ್ಮ ತಂಡಗಳಲ್ಲಿ ಇವತ್ತಿಗೂ ಅದೇ ಟೆಕ್ನಾಲಜಿ.

ಇನ್ನೊಂದು, ಆ ಸೆಟ್ಟು ಸಾಗಿಸೋಕೆ 18 ಟ್ರಕ್ ಬೇಕಾಗಿತ್ತು. ನಮ್ಮ ಗುಬ್ಬಿ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆ ಸ್ಟೇಜಿಗೆ ತಂದಿದ್ದು ನೆನಪಾಯಿತು. ಬೆಂಗಳೂರಲ್ಲಿ ಆನೆ ನೋಡೋಕೇ ಜನ ಬಂದರು, ಬಂದವರು ನಾಟಕವನ್ನೂ ನೋಡಿದರು. ವೀರಣ್ಣನವರಿಗೆ ಆನೆ ಇದ್ದ ಹಾಗೆ ಈಯಮ್ಮನಿಗೆ ಮಂಚ, ಅಷ್ಟೇ ನನ್ನ ಲೆಕ್ಕ.

ಹಳೇಕ್ಯಾಸೆಟ್:
ಆನೆ! ನನ್ನ ಇಡೀ ಪೋಸ್ಟ್ ನೀವು ಒಂದು ಪದದಲ್ಲಿ ಹೇಳಿಬಿಟ್ರಿ.

ಬೆಂಗಳೂರ್_ಬಸವ:
ರೋಮ್‌ನಲ್ಲಿ ಪೋಪ್ ಹೇಳಿ ಶೋ ರದ್ದು ಮಾಡಿಸಿದರು ಅಲ್ವಾ? ಅದನ್ನೂ ಬರೀರಿ.

ಟೊರಾಂಟೋ_ಅಕ್ಕ:
ಅರ್ಧ ಸತ್ಯ. ಇಟಲಿಯಲ್ಲಿ ಕ್ಯಾಥೊಲಿಕ್ ಸಂಘಟನೆಗಳು ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದು ನಿಜ. ರೋಮ್‌ನಲ್ಲಿ ಎರಡು ಶೋ ಇಟ್ಟಿದ್ದರು, ಒಂದು ರದ್ದಾಗಿದ್ದೂ ನಿಜ. ಆದರೆ ಟಿಕೆಟ್ ಸರಿಯಾಗಿ ಹೋಗಿರಲಿಲ್ಲ, ಜೊತೆಗೆ ಕಾರ್ಮಿಕರ ಮುಷ್ಕರ ಬೇರೆ ಇತ್ತು. ಇನ್ನೊಂದು ಶೋ ನಡೆಯಿತು, ಟ್ಯುರಿನ್‌ನಲ್ಲೂ ನಡೆಯಿತು. ಅವಳು ರೋಮ್ ಏರ್‌ಪೋರ್ಟಿನಲ್ಲೇ ಪತ್ರಕರ್ತರ ಮುಂದೆ ಹೇಳಿಕೆ ಓದಿದಳು. ನಾನು ಇಟಲಿ ಮೂಲದವಳು, ಇದು ಮಾಮೂಲಿ ರಾಕ್ ಕಾರ್ಯಕ್ರಮ ಅಲ್ಲ, ನನ್ನ ಸಂಗೀತದ ನಾಟಕ, ನಾಟಕದ ಹಾಗೇ ಪ್ರಶ್ನೆ ಕೇಳುತ್ತದೆ, ನೋಡಿ ಆಮೇಲೆ ತೀರ್ಮಾನ ಮಾಡಿ, ಅನ್ನೋದು ಅದರ ಸಾರ. ಹಳೇಕ್ಯಾಸೆಟ್ ಸರ್ ಹೇಳ್ತಿರೋದು ಅವಳೇ ಆಗ ಹೇಳಿದ್ದಳು.

ಬೆಂಗಳೂರ್_ಬಸವ:
ಓಹ್, ಸರಿ ಅಕ್ಕ. ಬಹಿಷ್ಕಾರ ಅಂದರೆ ನನಗೆ ನೆನಪಾಗೋದು 1996ರ ನಮ್ಮ ವಿಶ್ವಸುಂದರಿ ಸ್ಪರ್ಧೆ. ಚಿನ್ನಸ್ವಾಮಿ ಸ್ಟೇಡಿಯಂ ಸುತ್ತ ಎಲ್ಲಿ ನೋಡಿದರೂ ಪೊಲೀಸು. ನಾನಾಗ ಶಿವಾಜಿನಗರದಿಂದ ಎಂಜಿ ರಸ್ತೆಗೆ ದಿನಾ ನಡೆದು ಕೆಲಸಕ್ಕೆ ಹೋಗುತ್ತಿದ್ದೆ, ಆ ವಾರ ಮೂರು ಸಲ ನನ್ನ ಊಟದ ಡಬ್ಬಿ ತೆಗೆಸಿ ನೋಡಿದರು. ರೈತ ಸಂಘದವರು ವಿರೋಧಿಸಿದ್ದು ಬೇರೆ ಕಾರಣಕ್ಕೆ, ವಿದೇಶಿ ಬಂಡವಾಳದ ಸಿಟ್ಟು. ಸಂಸ್ಕೃತಿ ಅಂತ ವಿರೋಧಿಸಿದವರು ಬೇರೆ. ಹೆಣ್ಣನ್ನು ಸರಕು ಮಾಡ್ತೀರಿ ಅಂದ ಮಹಿಳಾ ಸಂಘಟನೆಗಳು ಇನ್ನೂ ಬೇರೆ. ಕೊನೆಗೆ ಈಜುಡುಗೆ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಎತ್ತಿಕೊಂಡು ಹೋದರು. ನಾಚಿಕೆಯನ್ನೂ ರಫ್ತು ಮಾಡಿದ ಊರು ನಮ್ಮದು.

ಸುಮ್ನೆ_ಓದೋನು:
ಸರಿ, ಕಲೆ, ಹೊಲಿಗೆ, ಆನೆ ಎಲ್ಲ ಒಪ್ಪಿದೆ. ಆ ಡ್ಯಾನ್ಸರ್‌ಗಳ ವಿಷಯ ಯಾಕೆ ಯಾರೂ ಎತ್ತುತ್ತಿಲ್ಲ? ಏಳು ಹುಡುಗರು. ಡಾಕ್ಯುಮೆಂಟರಿಯಲ್ಲಿ ಅವರ ಖಾಸಗಿ ಬದುಕನ್ನೆಲ್ಲ ತೋರಿಸಿದರು ಅಂತ 1992ರಲ್ಲಿ ಮೂವರು ಅವಳ ಮೇಲೆ ಕೇಸ್ ಹಾಕಿದರು, ಆಮೇಲೆ ರಾಜಿಯಾಯಿತು. ಎಲ್ಲರೂ ಸ್ವತಂತ್ರವಾಗಿರಿ ಅಂತ ಸ್ಟೇಜ್ ಮೇಲೆ ಹಾಡೋದು, ಕೆಳಗಿಳಿದರೆ ಹುಡುಗರ ಗುಟ್ಟು ಕ್ಯಾಮೆರಾಗೆ. ಇದಕ್ಕೇನು ಹೇಳ್ತೀರಿ?

ಹಳೇಕ್ಯಾಸೆಟ್:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿದ್ದು ಸರಿ. 2016ರಲ್ಲಿ ಆ ಡ್ಯಾನ್ಸರ್‌ಗಳ ಬಗ್ಗೆಯೇ ಸ್ಟ್ರೈಕ್ ಎ ಪೋಸ್ ಅಂತ ಡಾಕ್ಯುಮೆಂಟರಿ ಬಂತು, ನೋಡಿದೆ. ಏಳರಲ್ಲಿ ಒಬ್ಬರು 1995ರಲ್ಲೇ ಏಡ್ಸ್‌ನಿಂದ ತೀರಿಕೊಂಡಿದ್ದರು, ಅವರ ತಾಯಿ ಮಾತಾಡ್ತಾರೆ. ಇನ್ನಿಬ್ಬರು ಆ ಟೂರಿನ ಹೊತ್ತಿಗೇ ತಮಗೆ ಎಚ್‌ಐವಿ ಇರುವುದು ಗೊತ್ತಿದ್ದೂ ಯಾರಿಗೂ ಹೇಳದೆ ಕುಣಿದಿದ್ದರು. ಅದನ್ನು ಕೇಳಿದ ಮೇಲೆ ಮತ್ತೆ ಶೋ ನೋಡಿದರೆ ಅವರ ಮುಖದ ಮೇಲಿಂದ ಕಣ್ಣು ತೆಗೆಯೋಕೆ ಆಗಲ್ಲ.

ಆ ವಿಷಯದಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ ಅನ್ನೋದನ್ನೂ ಹೇಳಬೇಕು. ಲೈಕ್ ಎ ಪ್ರೇಯರ್ ಆಲ್ಬಂ ಜೊತೆ ಏಡ್ಸ್ ಬಗ್ಗೆ ತಿಳುವಳಿಕೆಯ ಒಂದು ಹಾಳೆ ಇಟ್ಟಿದ್ದಳು. ಅವಳ ಗೆಳೆಯ, ಚಿತ್ರಕಾರ ಕೀತ್ ಹ್ಯಾರಿಂಗ್ 1990ರ ಫೆಬ್ರವರಿಯಲ್ಲಿ ಅದೇ ಕಾಯಿಲೆಯಿಂದ ಹೋದ. ಟೂರಿನ ಅಮೆರಿಕದ ಕೊನೆಯ ಶೋ, ನ್ಯೂಜೆರ್ಸಿಯಲ್ಲಿ, ಅವನ ನೆನಪಿಗೆ ಮಾಡಿ ಬಂದ ಹಣವನ್ನು ಏಡ್ಸ್ ಸಂಶೋಧನೆಗೆ ಕೊಟ್ಟಳು. ಕೇಸೂ ನಿಜ, ಇದೂ ನಿಜ. ಒಂದನ್ನು ಇನ್ನೊಂದರಿಂದ ಕಳೆದು ಲೆಕ್ಕ ಸರಿ ಮಾಡೋಕೆ ನನಗೆ ಬರಲ್ಲ.

ಕರಾವಳಿ_ಕಿಟ್ಟಿ:
ಮೈಸೂರಿನವರು ಇಷ್ಟೆಲ್ಲ ಬರೆದು ನಿಮ್ಮ ಊರಿನ ಕೊಂಡಿಯನ್ನೇ ಬಿಟ್ಟಿರಲ್ಲ! ಮಡೋನಾಳ 1998ರ ಶಾಂತಿ ಅಷ್ಟಾಂಗಿ ಹಾಡು. "ವಂದೇ ಗುರೂಣಾಂ ಚರಣಾರವಿಂದೇ". ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದಲ್ಲಿ ಅಭ್ಯಾಸಕ್ಕೆ ಮೊದಲು ಹೇಳುವ ಶ್ಲೋಕ ಅಲ್ಲವಾ ಅದು?

ಹಳೇಕ್ಯಾಸೆಟ್:
ಬೇಕಂತಲೇ ಬಿಟ್ಟಿದ್ದೆ, ಮಾತು ದಾರಿ ತಪ್ಪುತ್ತೆ ಅಂತ. ಹೌದು, ಅದೇ. ಜೋಯಿಸರು ಹಾಸನ ಜಿಲ್ಲೆಯ ಕೌಶಿಕದವರು, ಲಕ್ಷ್ಮೀಪುರಂನಲ್ಲಿ ಕಲಿಸುತ್ತಿದ್ದರು. ಆ ಹಾಡು ಬಂದ ವರ್ಷವೇ ಅವಳು ಹಣೆಗೆ ನಾಮ ಇಟ್ಟುಕೊಂಡು, ತೆಳ್ಳಗಿನ ಬಟ್ಟೆಯಲ್ಲಿ ಎಂಟಿವಿ ಸಮಾರಂಭದಲ್ಲಿ ಹಾಡಿದಳು ಅಂತ ವೈಷ್ಣವ ಸಂಘಟನೆಯೊಂದು ಆಕ್ಷೇಪ ಎತ್ತಿತು. ಚರ್ಚ್ ಆಯಿತು, ದೇವಸ್ಥಾನವೂ ಆಯಿತು. 2006ರ ಟೂರಿನಲ್ಲಿ ಮುಳ್ಳಿನ ಕಿರೀಟ ಇಟ್ಟುಕೊಂಡು ಕನ್ನಡಿಯ ಶಿಲುಬೆ ಮೇಲೆ ನಿಂತು ಹಾಡಿದಳು, ಅದೂ ರೋಮ್‌ನಲ್ಲೇ. ನನಗೆ ಆ ಶಿಲುಬೆ ಇಷ್ಟ ಆಗಲಿಲ್ಲ. 1990ರಲ್ಲಿ ಒಂದು ದೃಶ್ಯ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಿತ್ತು. ಅಲ್ಲಿ ಬರೀ ಫೋಟೋ ತೆಗೆಸಿಕೊಂಡ ಹಾಗೆ ಅನಿಸಿತು.

ದರ್ಜಿ_ಮಗಳು:
ಅಣ್ಣ, ಎಲ್ಲ ಆಯಿತು, ಅಜ್ಜಿ ಕಥೆ ಎಲ್ಲಿ? ಮೊದಲ ದಿನದಿಂದ ಕಾಯ್ತಿದ್ದೀನಿ.

ಸುಮ್ನೆ_ಓದೋನು:
ಹೌದು ಹೌದು. ನಾನು ಜಗಳ ಆಡ್ತಾ ಇನ್ನೂ ಇಲ್ಲಿರೋದೇ ಅದಕ್ಕೆ.

ಹಳೇಕ್ಯಾಸೆಟ್:
ಹೇಳ್ತೀನಿ. ಮನೆಯವರೆಲ್ಲ ನಂಜನಗೂಡು ತೇರಿಗೆ ಹೋಗಿದ್ದರು. ಅಜ್ಜಿಗೆ ಮಂಡಿ ನೋವು, ಹಿಂದಿನ ರೂಮಿನಲ್ಲಿ ಮಲಗಿದ್ದರು. ನಾನು ಸೌಂಡ್ ಪೂರ್ತಿ ಕಮ್ಮಿ ಮಾಡಿ ಹಾಕಿದ್ದೆ. ಮಂಚದ ಹಾಡು ಅರ್ಧ ಆಗಿದೆ, ಹಿಂದೆ ಕೋಲಿನ ಸದ್ದು. ಆಫ್ ಮಾಡೋಣ ಅಂದರೆ ಬಾಡಿಗೆ ವಿಸಿಆರ್, ಯಾವ ಬಟನ್ ಯಾವುದು ಅಂತ ಗಾಬರಿಯಲ್ಲಿ ಗೊತ್ತಾಗುತ್ತಿಲ್ಲ. ಒತ್ತಿದ್ದು ಪಾಜ್ ಅಂತೆ, ಚಿತ್ರ ಅಲ್ಲೇ ನಿಂತು ನಡುಗೋಕೆ ಶುರುವಾಯಿತು. ಇನ್ನೊಂದು ಸಲ ಒತ್ತಿದೆ, ಮತ್ತೆ ಓಡಿತು. ಅಷ್ಟರಲ್ಲಿ ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು.

ಮೇಣದಬತ್ತಿ ಬಂತು, ನಿಲುವಂಗಿ ಬಂತು, ಎಲ್ಲರೂ ಮಂಡಿಯೂರಿದರು. ಅಜ್ಜಿ ಸೆರಗು ಸರಿ ಮಾಡಿಕೊಂಡರು. ಅವರಿಗೆ ಸ್ವಲ್ಪ ಪೊರೆ ಇತ್ತು, ಚಿತ್ರ ಬೇರೆ ಕಪ್ಪು ಬಿಳುಪು, ಎಷ್ಟು ಕಂಡಿತೋ ಗೊತ್ತಿಲ್ಲ. ನಾನು ಮಾತಾಡದೆ ಬೆವರುತ್ತಾ ಕೂತಿದ್ದೆ. ಹಾಡಿನ ಮೇಲೆ ಹಾಡು ಹೋಯಿತು, ಅಜ್ಜಿ ಏಳಲೇ ಇಲ್ಲ. ಆ ಟೂರಿನ ನಡುವೆ ಅವಳ ಗಂಟಲು ಕೆಟ್ಟು ಕೆಲವು ಶೋ ರದ್ದಾಗಿದ್ದವು ಅಂತ ನಾನು ಓದಿದ್ದು ಬಹಳ ವರ್ಷದ ಮೇಲೆ. ಅಜ್ಜಿಗೆ ಅದೆಲ್ಲ ಎಲ್ಲಿಂದ ಗೊತ್ತಿರಬೇಕು? ಕೊನೆಗೆ ನನ್ನ ಕಡೆ ತಿರುಗಿ, "ಆಗಿನಿಂದ ಒಂದೇ ಸಮ ಕುಣೀತಿದ್ದಾಳಲ್ಲೋ, ಅಷ್ಟು ಜನ ಇದ್ದಾರೆ, ಆ ಹುಡುಗಿಗೆ ಒಂದು ಲೋಟ ನೀರು ಕೊಡೋರಿಲ್ವಾ?" ಅಂದರು.